ಊರುಗೋಲು ಕಾಲೋ, ಚಪ್ಪಲಿಯೋ?

ಘಾಟಿ ಸುಬ್ರಹ್ಮಣ್ಯದ ಗರ್ಭಗುಡಿಯಲ್ಲಿ ಒಂದು ಕನ್ನಡಿಯಿದೆ. ಅಲ್ಲಿ ಸುಬ್ರಹ್ಮಣ್ಯನ ಮುಖ ಪೂರ್ವಕ್ಕೆ, ಅವನ ಬೆನ್ನಿಗಿರುವ ನರಸಿಂಹನ ಮುಖ ಪಶ್ಚಿಮಕ್ಕೆ. ಮುಂದೆ ನಿಂತ ಭಕ್ತನಿಗೆ ಹಿಂದಿನ ದೇವರು ಕಾಣುವಂತಿಲ್ಲ. ಅದಕ್ಕೆಂದೇ ಹಿಂಬದಿಯಲ್ಲಿ ಕನ್ನಡಿ ಇಟ್ಟಿದ್ದಾರೆ. ಬಂದವರು ನಿಂತಲ್ಲೇ ನಿಂತು ಇಬ್ಬರನ್ನೂ ನೋಡಬಹುದು.

ಈ ಕನ್ನಡಿಯ ಸುದ್ದಿಯನ್ನು ನಾನು ಮೊದಲು ಕೇಳಿದ್ದು ನನ್ನ ದಾದಾನ ಬಾಯಿಂದ. ಅವರದು ಎತ್ತುಗಳಿಗೆ ಲಾಳ ಕಟ್ಟುವ ಕಸುಬು. ಪುಷ್ಯ ಮಾಸದ ರಥೋತ್ಸವದ ಆಸುಪಾಸಿನಲ್ಲಿ ಘಾಟಿಯಲ್ಲಿ ದೊಡ್ಡ ದನಗಳ ಜಾತ್ರೆ ಸೇರುತ್ತದೆ. ದಾದಾ ಪ್ರತಿವರ್ಷ ತಮ್ಮ ಸುತ್ತಿಗೆ, ಮೊಳೆ, ಹಗ್ಗಗಳ ಚೀಲ ಹೊತ್ತು ಅಲ್ಲಿಗೆ ಹೋಗುತ್ತಿದ್ದರು. ಗುಡಿಯೊಳಗೆ ಹೋಗಿದ್ದರೋ, ಯಾರಾದರೂ ರೈತರಿಂದ ಕೇಳಿ ತಿಳಿದಿದ್ದರೋ ನಾನು ಕೇಳಲಿಲ್ಲ. "ಆ ಕನ್ನಡಿ ಇಟ್ಟವನು ಜಾಣ. ಜನರನ್ನು ಹಿಂದಕ್ಕೆ ಕಳಿಸುವ ಬದಲು ಹಿಂದಿರುವುದನ್ನೇ ಮುಂದಕ್ಕೆ ತಂದ" ಎಂದು ಅವರು ಹೇಳುತ್ತಿದ್ದುದು ಮಾತ್ರ ನೆನಪಿದೆ.

ಈಗ ನಾನು ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ. 'ಸಾರ್ವತ್ರಿಕ ವಿನ್ಯಾಸ' ಎಂಬ ವಿಷಯ ಬಂದಾಗ ಅವರನ್ನು ಒಂದು ದಿನ ಘಾಟಿಗೆ ಕರೆದುಕೊಂಡು ಹೋಗುತ್ತೇನೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ದೊಡ್ಡಬಳ್ಳಾಪುರ ದಾಟಿದ ಮೇಲೆ ಮಾಕಳಿದುರ್ಗದ ಬೆಟ್ಟ ಕಾಣಿಸಿಕೊಳ್ಳುವ ಹೊತ್ತಿಗೆ ಬಸ್ಸಿನಲ್ಲಿ ಹಾಡು ನಿಂತು ಮಕ್ಕಳೆಲ್ಲ ಕಿಟಕಿಗೆ ಮುಖ ಒತ್ತಿರುತ್ತಾರೆ. ವಾಸ್ತುಶಿಲ್ಪ ಕಲಿಯಲು ಹಂಪಿ, ಬೇಲೂರು ಬಿಟ್ಟು ಇಲ್ಲಿಗೇಕೆ ಎಂದು ಪ್ರತಿವರ್ಷ ಒಬ್ಬರಾದರೂ ಕೇಳುತ್ತಾರೆ. ಕನ್ನಡಿ ನೋಡಿ ಬನ್ನಿ ಎನ್ನುತ್ತೇನೆ.

ಸಾರ್ವತ್ರಿಕ ವಿನ್ಯಾಸವೆಂದರೆ ಕಟ್ಟಡವಾಗಲಿ, ರಸ್ತೆಯಾಗಲಿ, ಬಾಗಿಲಿನ ಚಿಲಕವಾಗಲಿ, ಸಾಧ್ಯವಾದಷ್ಟು ಮಟ್ಟಿಗೆ ಎಲ್ಲರೂ ಬಳಸುವಂತೆ ಮೊದಲೇ ಯೋಚಿಸಿ ಮಾಡುವುದು. ಮೊದಲು 'ಸಾಮಾನ್ಯರಿಗೆ' ಕಟ್ಟಿ, ಆಮೇಲೆ ಯಾರೋ ಕೆಲವರಿಗಾಗಿ ಹಿತ್ತಲಿನ ಕಡೆ ಒಂದು ಇಳಿಜಾರು ಅಂಟಿಸುವುದಲ್ಲ. ಈ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್. ಒಂಬತ್ತನೆಯ ವಯಸ್ಸಿನಲ್ಲಿ ಪೋಲಿಯೋ ಬಂದು ಗಾಲಿಕುರ್ಚಿ ಹಿಡಿದವರು. ವಾಸ್ತುಶಿಲ್ಪ ಓದುವಾಗ ಅವರನ್ನು ಗೆಳೆಯರು ಮೆಟ್ಟಿಲ ಮೇಲೆ ಹೊತ್ತುಕೊಂಡು ತರಗತಿಗೆ ಒಯ್ಯಬೇಕಾಗುತ್ತಿತ್ತು. ಕಟ್ಟಡ ಕಟ್ಟುವುದನ್ನು ಕಲಿಸುವ ಶಾಲೆಯ ಕಟ್ಟಡವೇ ಅವರನ್ನು ಒಳಗೆ ಬಿಡಲಿಲ್ಲ! 1997ರಲ್ಲಿ ಮೇಸ್ ಮತ್ತು ಅವರ ಜೊತೆಗಾರರು ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಇದರ ಏಳು ತತ್ವಗಳನ್ನು ಪ್ರಕಟಿಸಿದರು. ಮರುವರ್ಷ ಮೇಸ್ ತೀರಿಕೊಂಡರು.

ಏಳರಲ್ಲಿ ಆರು ತತ್ವಗಳನ್ನು ಮಕ್ಕಳು ಪರೀಕ್ಷೆಯಲ್ಲಿ ಸಲೀಸಾಗಿ ಬರೆಯುತ್ತಾರೆ: ಎಲ್ಲರಿಗೂ ಸಮಾನ ಬಳಕೆ, ಹೊಂದಿಕೊಳ್ಳುವ ಗುಣ, ಸರಳತೆ, ಕಣ್ಣಿಗೂ ಕಿವಿಗೂ ಕೈಗೂ ಸಿಗುವ ಮಾಹಿತಿ, ಕಡಿಮೆ ಶ್ರಮ, ಸಾಕಷ್ಟು ಜಾಗ. ಉಳಿದ ಒಂದನ್ನು ನಾನು 'ತಪ್ಪನ್ನು ಮನ್ನಿಸುವುದು' ಎಂದು ಕನ್ನಡ ಮಾಡಿಕೊಂಡಿದ್ದೇನೆ. ಮನುಷ್ಯ ಎಡವುತ್ತಾನೆ, ಮರೆಯುತ್ತಾನೆ, ತಪ್ಪು ಗುಂಡಿ ಒತ್ತುತ್ತಾನೆ. ಒಳ್ಳೆಯ ಕಟ್ಟಡ ಅದಕ್ಕೆ ಕಾಲು ಮುರಿಯುವ ಶಿಕ್ಷೆ ಕೊಡುವುದಿಲ್ಲ. ಕೈಗೆ ಸಿಗುವಲ್ಲಿ ಹಿಡಿಕೆ, ಜಾರದ ನೆಲ, ಮೂಲೆಗೊಂದು ದೀಪ, ಅಷ್ಟೇ. ತಂತ್ರಜ್ಞರ ಪಟ್ಟಿಯೊಳಗೆ ಈ ಮನ್ನಿಸುವ ಮಾತು ಹೇಗೆ ನುಸುಳಿಕೊಂಡಿತೋ! ನನಗೆ ಇಡೀ ಪಟ್ಟಿಯಲ್ಲಿ ಅದೇ ಹೆಚ್ಚು ಪ್ರಿಯ.

ಆದರೆ ಈ ತತ್ವಗಳನ್ನು ಕಲಿಸುವ ಮೊದಲು ಮರೆಸಬೇಕಾದದ್ದು ಒಂದಿದೆ. ವಾಸ್ತುಶಿಲ್ಪದ ವಿದ್ಯಾರ್ಥಿಯ ತಲೆಯೊಳಗೆ ಒಬ್ಬ ಮನುಷ್ಯ ಕೂತಿರುತ್ತಾನೆ. ನಕ್ಷೆ ಬಿಡಿಸುವಾಗ ಅಳತೆಗೆಂದು ಪಕ್ಕದಲ್ಲಿ ಒಂದು ಮನುಷ್ಯಾಕೃತಿ ಬರೆಯುವುದು ರೂಢಿ. ಅದು ಯಾವಾಗಲೂ ನೆಟ್ಟಗೆ ನಿಂತ, ಎರಡು ಕೈಯೂ ಖಾಲಿಯಿರುವ ಯುವಕನದು. ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೆ 'ಮಾಡ್ಯುಲರ್' ಎಂಬ ಅಳತೆಯ ಕ್ರಮವನ್ನೇ ಕಟ್ಟಿದ. ಮೊದಲು ಅದರ ಮನುಷ್ಯನ ಎತ್ತರ 1.75 ಮೀಟರ್ ಇತ್ತು. ಆಮೇಲೆ ಅದು 1.83 ಮೀಟರ್ ಆಯಿತು, ಅಂದರೆ ಆರು ಅಡಿ. ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಪೊಲೀಸರಂಥ ಸುಂದರ ಗಂಡಸರು ಆರಡಿ ಇರುತ್ತಾರೆ ಎಂಬುದು ಇದಕ್ಕೆ ಕೊಟ್ಟ ಕಾರಣ! ಕಾರ್ಬೂಸಿಯೆ ದೊಡ್ಡ ಕಲಾವಿದನೇ. ಆದರೆ ಒಬ್ಬ ಕಾಲ್ಪನಿಕ ಪೊಲೀಸನ ಮೈಯಳತೆ ಮನುಷ್ಯಕುಲದ ಅಳತೆಯಾಗಿಬಿಟ್ಟಿತಲ್ಲ ಎಂದು ಮಕ್ಕಳ ಮುಂದೆ ನಗುತ್ತೇನೆ. ಅವರೂ ನಗುತ್ತಾರೆ. ಮರುದಿನ ಅವರ ನಕ್ಷೆಯಲ್ಲಿ ಅದೇ ಆರಡಿ ಯುವಕ ನಿಂತಿರುತ್ತಾನೆ.

ನನ್ನ ದಾದಾನಿಗೆ ಇಂಥ ಸರಾಸರಿ ಎತ್ತು ಗೊತ್ತಿರಲಿಲ್ಲ. ಎತ್ತಿನ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು ಲಾಳ, ನಾಲ್ಕು ಕಾಲಿಗೆ ಎಂಟು. ಎಡಗಾಲಿನದು ಬಲಗಾಲಿಗೆ ಆಗುವುದಿಲ್ಲ. ಕಲ್ಲುದಾರಿಯಲ್ಲಿ ಗಾಡಿ ಎಳೆಯುವ ಎತ್ತಿನ ಗೊರಸು ಒಂದು ಬಗೆಯಲ್ಲಿ ಸವೆದಿದ್ದರೆ, ಉಳುವ ಎತ್ತಿನದು ಇನ್ನೊಂದು ಬಗೆ. ದಾದಾ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಅಂಚು ಸವರಿ, ಕಬ್ಬಿಣವನ್ನು ತಟ್ಟಿ ಹೊಂದಿಸುತ್ತಿದ್ದರು. ಗೊರಸಿಗೆ ತಕ್ಕ ಲಾಳವೇ ಹೊರತು ಲಾಳಕ್ಕೆ ತಕ್ಕ ಗೊರಸಲ್ಲ. ಎತ್ತಿಗೆ ಕೊಟ್ಟ ಈ ಮರ್ಯಾದೆಯನ್ನು ನಾವು ಮನುಷ್ಯನಿಗೆ ಕೊಡಲು ಹಿಂಜರಿಯುತ್ತೇವೆ.

ಇದೆಲ್ಲ ಪಡುವಣದಿಂದ ಬಂದ ಹೊಸ ಫ್ಯಾಷನ್ ಎನ್ನುವವರಿಗೆ ನಾನು ಹೊರೆಗಲ್ಲು ತೋರಿಸುತ್ತೇನೆ. ಹಳೆ ಮೈಸೂರು ಸೀಮೆಯ ಹಳೆಯ ದಾರಿಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಉಳಿದಿವೆ: ಎರಡು ಕಲ್ಲು ನೆಟ್ಟು ಮೇಲೊಂದು ಅಡ್ಡಗಲ್ಲು. ತಲೆಹೊರೆ ಹೊತ್ತವರು ಬಾಗದೆ, ಇನ್ನೊಬ್ಬರ ನೆರವಿಗೆ ಕಾಯದೆ, ಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಂಡು, ಮತ್ತೆ ಅದೇ ಎತ್ತರದಿಂದ ತಲೆಗೇರಿಸಿಕೊಂಡು ಹೊರಡಬಹುದಿತ್ತು. ಹೊತ್ತವಳು ಬಸುರಿಯೋ, ಮುದುಕಿಯೋ, ಯಾವ ಜಾತಿಯವಳೋ ಎಂದು ಕಲ್ಲು ಕೇಳಲಿಲ್ಲ. ಅದನ್ನು ನೆಡಿಸಿದವರು ಏಳು ತತ್ವ ಓದಿರಲಿಲ್ಲ, ಹೊರೆ ಹೊತ್ತವರ ಕತ್ತನ್ನು ನೋಡಿದ್ದರು.

ಕಲಿಸುವ ಕ್ರಮದಲ್ಲಿ ನಾನೂ ತಪ್ಪು ಮಾಡಿದ್ದೇನೆ. ಮೊದಮೊದಲು ಎಲ್ಲರೂ ಮಾಡುವಂತೆ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಕಾಲೇಜಿನಲ್ಲಿ ನಡೆಸುತ್ತಿದ್ದೆ. ಬಾಡಿಗೆಗೆ ತಂದ ಗಾಲಿಕುರ್ಚಿಯಲ್ಲಿ ಕೂರಿಸುತ್ತಿದ್ದೆ. ಹತ್ತು ನಿಮಿಷದಲ್ಲಿ ಕೆಲವರಿಗೆ ನಗು, ಕೆಲವರಿಗೆ ಅಳು. ಕೊನೆಗೆ ಎಲ್ಲರ ವರದಿಯಲ್ಲೂ ಒಂದೇ ಪದ: ಪಾಪ. ಒಮ್ಮೆ ಹುಟ್ಟಿನಿಂದ ದೃಷ್ಟಿಯಿಲ್ಲದ ಪರಿಚಿತರೊಬ್ಬರು ಬಂದಿದ್ದರು. ಈ ಆಟದ ಗದ್ದಲ ಕೇಳಿಸಿಕೊಂಡು ಅವರು ಹೇಳಿದರು: "ನಿಮ್ಮ ಹುಡುಗರು ಕುರುಡುತನ ಕಲಿಯುತ್ತಿಲ್ಲ ಸಾರ್, ಹೆದರಿಕೆ ಕಲಿಯುತ್ತಿದ್ದಾರೆ. ನನಗೆ ಹೆದರಿಕೆ ಯಾವಾಗಲೋ ಹೋಗಿದೆ. ನನಗೆ ಬೇಕಾದದ್ದು ಮೆಟ್ಟಿಲ ಅಂಚು ಎಲ್ಲಿ ಮುಗಿಯುತ್ತದೆ ಎನ್ನುವುದು." ಅಂದಿನಿಂದ ಆ ಆಟ ನಿಲ್ಲಿಸಿದೆ. ಕನಿಕರ ಕೆಟ್ಟದ್ದೆಂದಲ್ಲ. ಆದರೆ ಕನಿಕರದಿಂದ ಬರೆದ ನಕ್ಷೆಯಲ್ಲಿ ಇಳಿಜಾರು ಯಾವಾಗಲೂ ಹಿಂಬಾಗಿಲಲ್ಲಿ ಇರುತ್ತದೆ, ಕಸದ ಡಬ್ಬಿಯ ಪಕ್ಕ.

ಪದಗಳ ಕಥೆಯೂ ಹೀಗೇ. ಅಂಗವಿಕಲ ಎನ್ನುವುದು ನೋವಿನ ಮಾತೆಂದು ಸರ್ಕಾರಿ ಕಾಗದದಲ್ಲಿ ವಿಕಲಚೇತನ ಎಂದು ಮಾಡಿದೆವು. 2015ರ ನಂತರ ಹಿಂದಿಯಿಂದ ದಿವ್ಯಾಂಗ ಬಂತು. ಅಂಗದಲ್ಲಿದ್ದ ಊನವನ್ನು ಚೇತನಕ್ಕೇ ಹಚ್ಚಿದೆವಲ್ಲ ಎಂದು ಯಾರಿಗೂ ಅನ್ನಿಸಲಿಲ್ಲವೇ? ಹೆಸರು ಎರಡು ಸಲ ಬದಲಾಯಿತು, ಬ್ಯಾಂಕಿನ ಮೆಟ್ಟಿಲು ಅಷ್ಟೇ ಇವೆ.

ಕಣ್ಣಿಗೆ ಬಟ್ಟೆ ಕಟ್ಟುವುದನ್ನು ಬಿಟ್ಟ ಮೇಲೆ ಘಾಟಿಯಲ್ಲಿ ಒಂದು ಕೆಲಸ ಕೊಡಲು ಶುರುಮಾಡಿದೆ. ಒಂದು ಕಡೆ ಕೂತು, ಬರುವವರನ್ನು ಸುಮ್ಮನೆ ನೋಡಿ. ಎರಡೂ ಕೈ ಖಾಲಿಯಿಟ್ಟುಕೊಂಡು, ಒಬ್ಬರೇ, ಅವಸರವಿಲ್ಲದೆ, ಎದುರು ನೋಡಿಕೊಂಡು ನಡೆಯುವವರು ಎಷ್ಟು ಜನ ಎಂದು ಗುರುತಿಸಿಕೊಳ್ಳಿ. ಘಾಟಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಮಕ್ಕಳಾಗಲೆಂದು ಹರಕೆ ಹೊತ್ತವರು ಇಲ್ಲಿಗೆ ಬರುತ್ತಾರೆ, ಮಕ್ಕಳಾದ ಮೇಲೆ ಕೂಸನ್ನೆತ್ತಿಕೊಂಡು ಬರುತ್ತಾರೆ. ಹಾಗಾಗಿ ಬಸುರಿಯರು, ಬಾಣಂತಿಯರು, ಅವರ ಜೊತೆಗೆ ಮಂಡಿನೋವಿನ ಅಜ್ಜಿಯರು. ಒಬ್ಬಳ ಕಂಕುಳಲ್ಲಿ ಮಗು, ಇನ್ನೊಬ್ಬಳ ಕೈಯಲ್ಲಿ ಪೂಜೆಯ ಬುಟ್ಟಿ, ಮೂರನೆಯವಳು ಸೆರಗಿನ ಅಂಚಿನಿಂದ ತಾಯಿಯನ್ನು ಹಿಡಿದುಕೊಂಡಿದ್ದಾಳೆ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಹುಡುಗಿ ಬಂದು, "ಸಾರ್, ನಮ್ಮ ನಕ್ಷೆಯ ಮನುಷ್ಯ ಇಲ್ಲಿ ಸಿಗುತ್ತಲೇ ಇಲ್ಲ" ಎಂದಳು. ಸಿಕ್ಕ ಒಂದಿಬ್ಬರೂ ಅವಳ ಸಹಪಾಠಿಗಳೇ ಆಗಿದ್ದರು.

ಅದೇ ದಿನ ನಡೆದ ಇನ್ನೊಂದು ಸಣ್ಣ ಸಂಗತಿಯೇ ಈ ಲೇಖನಕ್ಕೆ ಕಾರಣ. ಗುಂಪಿನಲ್ಲಿದ್ದ ಒಬ್ಬ ಹುಡುಗ ಫುಟ್‌ಬಾಲ್ ಆಡುವಾಗ ಕಾಲು ಮುರಿದುಕೊಂಡು ಎರಡು ಕಂಕುಳ ಊರುಗೋಲಿನ ಮೇಲೆ ಬಂದಿದ್ದ. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೊರಟಾಗ ಅವನು ನಿಂತ. ಯಾರೂ ಅವನನ್ನು ತಡೆದಿರಲಿಲ್ಲ, ಯಾರೂ ಏನೂ ಅಂದಿರಲಿಲ್ಲ. ಅವನೇ ನಿಂತು, ಕೆಳಗೆ ನೋಡಿ, ನನ್ನತ್ತ ತಿರುಗಿ ಕೇಳಿದ: "ಸಾರ್, ಇವನ್ನೂ ಇಲ್ಲೇ ಬಿಡಬೇಕಾ?"

ನಾನು ಉತ್ತರಿಸಲಿಲ್ಲ. ಉತ್ತರ ಗೊತ್ತಿಲ್ಲದೆ ಅಲ್ಲ. ಅದೇ ಪ್ರಶ್ನೆಯನ್ನು ಇನ್ನೊಂದು ಬಾಗಿಲಲ್ಲಿ ಕೇಳಿದ್ದೆ.

ನನ್ನ ಅಬ್ಬಾನ ಬಲಗಾಲನ್ನು ಸಕ್ಕರೆ ಕಾಯಿಲೆ ಮಂಡಿಯಿಂದ ಕೆಳಗೆ ತೆಗೆದುಕೊಂಡಿತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಊರುಗೋಲಿನಲ್ಲಿ ನಡೆಯುವುದನ್ನು ಮಗುವಿನಂತೆ ಹಟ ಹಿಡಿದು ಕಲಿತರು. ಕಲಿತು ಮೊದಲು ಹೋದದ್ದು ಜುಮಾ ನಮಾಝಿಗೆ. ಮಸೀದಿಯ ಬಾಗಿಲಲ್ಲಿ ಹಿರಿಯರೊಬ್ಬರು ಬಹಳ ವಿನಯದಿಂದ ಹೇಳಿದರು: ಊರುಗೋಲು ಬೀದಿಯಲ್ಲಿ ನಡೆದು ಬಂದದ್ದು, ಚಪ್ಪಲಿಯ ಹತ್ತಿರ ಒರಗಿಸಿಬಿಡಿ, ಹುಡುಗರು ನಿಮ್ಮನ್ನು ಎತ್ತಿಕೊಂಡು ಹೋಗುತ್ತಾರೆ. ಹುಡುಗರು ಎತ್ತಿಕೊಂಡರು. ಅವರ ಪ್ರೀತಿಯಲ್ಲಿ ಏನೂ ಕೊರತೆಯಿರಲಿಲ್ಲ. ಎರಡು ಶುಕ್ರವಾರ ಹಾಗಾಯಿತು. ಮೂರನೆಯ ಶುಕ್ರವಾರ ಅಬ್ಬಾ ಬಟ್ಟೆ ಬದಲಿಸಲಿಲ್ಲ. ಅಮ್ಮಿ ಕೇಳಿದಾಗ, "ಮಸೀದಿಯ ಜನ ನನ್ನನ್ನು ಭುಜದ ಮೇಲೆ ಹೊರುವುದು ಒಂದು ಸಲ ಸಾಕು" ಎಂದರು. ಜನಾಝಾದ ಮಾತು ಅದು. ಅಮ್ಮಿ ಮತ್ತೆ ಕೇಳಲಿಲ್ಲ.

ಊರಿನವರೂ ಕೇಳಲಿಲ್ಲ. ಕೇಳದಿರಲು ಒಳ್ಳೆಯ ಕಾರಣವೂ ಇತ್ತು. ಇಸ್ಲಾಮಿನಲ್ಲಿ ಅಶಕ್ತರಿಗೆ ರಿಯಾಯಿತಿ ಇದೆ. ಅಂಧನ ಮೇಲೆ, ಕುಂಟನ ಮೇಲೆ, ರೋಗಿಯ ಮೇಲೆ ದೋಷವಿಲ್ಲ ಎಂಬ ಆಶಯ ಕುರ್‌ಆನಿನಲ್ಲೇ ಬರುತ್ತದೆ. ನಿಂತು ಆಗದಿದ್ದರೆ ಕೂತು, ಕೂತು ಆಗದಿದ್ದರೆ ಮಲಗಿ ನಮಾಝ್ ಮಾಡಲು ಪ್ರವಾದಿ(ಸ) ಅನುಮತಿ ಕೊಟ್ಟರು. ಮೇಸ್ ಹೇಳಿದ 'ಹೊಂದಿಕೊಳ್ಳುವ ಗುಣ' ಇದಕ್ಕಿಂತ ಬೇರೆಯೇನಲ್ಲ. ಆದರೆ ಆ ರಿಯಾಯಿತಿ ಕೊಟ್ಟದ್ದು ಅಬ್ಬಾನಿಗೆ. ಅದನ್ನು ಬಳಸಿಕೊಂಡದ್ದು ಮಸೀದಿ. ನೀವು ಬರದಿದ್ದರೂ ನಡೆಯುತ್ತದೆ ಎಂಬ ಕರುಣೆ, ನಾವು ದಾರಿ ಮಾಡದಿದ್ದರೂ ನಡೆಯುತ್ತದೆ ಎಂಬ ಆಲಸ್ಯವಾಗಿ ಯಾವಾಗ ತಿರುಗಿತು ಎಂದು ಯಾರಿಗೂ ತಿಳಿಯಲಿಲ್ಲ.

ನಾನು ಆಲಿಮ್ ಅಲ್ಲ, ಇಲ್ಲಿ ಬರೆಯುತ್ತಿರುವುದು ಫತ್ವಾ ಅಲ್ಲ. ಆದರೂ ಹದೀಸಿನಲ್ಲಿ ಬರುವ ಎರಡು ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಬೇಕೆನಿಸುತ್ತದೆ. ಕಣ್ಣಿಲ್ಲದ ಒಬ್ಬರು ಬಂದು, ನನ್ನನ್ನು ಕರೆದು ತರುವವರು ಯಾರೂ ಇಲ್ಲ, ಮನೆಯಲ್ಲೇ ನಮಾಝ್ ಮಾಡಲೇ ಎಂದು ಕೇಳಿದರು. ಪ್ರವಾದಿ(ಸ) ಮೊದಲು ಒಪ್ಪಿದರು. ಅವರು ತಿರುಗಿ ಹೊರಟಾಗ ಮತ್ತೆ ಕರೆದು, ಅಝಾನ್ ನಿಮಗೆ ಕೇಳಿಸುತ್ತದೆಯೇ ಎಂದು ವಿಚಾರಿಸಿದರು. ಕೇಳಿಸುತ್ತದೆ ಎಂದಾಗ, ಹಾಗಿದ್ದರೆ ಬನ್ನಿ ಎಂದರು. ಇನ್ನೊಬ್ಬರು ಇತ್ಬಾನ್ ಬಿನ್ ಮಾಲಿಕ್. ಅವರ ದೃಷ್ಟಿ ಮಂದವಾಗಿತ್ತು, ಮಳೆ ಬಂದರೆ ನಡುವಿನ ಹಳ್ಳ ತುಂಬಿ ತಮ್ಮ ಜನರ ಮಸೀದಿಗೆ ಹೋಗಲಾಗುತ್ತಿರಲಿಲ್ಲ. ಅವರು ಪ್ರವಾದಿಯವರನ್ನೇ(ಸ) ಮನೆಗೆ ಕರೆದರು. ಪ್ರವಾದಿ(ಸ) ಹೋದರು. ಎಲ್ಲಿ ನಮಾಝ್ ಮಾಡಲಿ ಎಂದು ಮನೆಯ ಯಜಮಾನನನ್ನೇ ಕೇಳಿ, ಅವರು ತೋರಿಸಿದ ಮೂಲೆಯಲ್ಲಿ ನಮಾಝ್ ಮಾಡಿದರು.

ಒಬ್ಬರಿಗೆ ಬನ್ನಿ ಎಂದರು, ಒಬ್ಬರಲ್ಲಿಗೆ ತಾವೇ ಹೋದರು. ವಿದ್ವಾಂಸರು ಇವುಗಳಿಂದ ಬೇರೆ ಬೇರೆ ತೀರ್ಮಾನ ತೆಗೆದಿದ್ದಾರೆ. ಕಟ್ಟಡ ಕಟ್ಟುವವನಾಗಿ ನನಗೆ ಕಾಣುವುದು ಇಷ್ಟು: ಎರಡರಲ್ಲೂ ಆ ಮನುಷ್ಯ ಲೆಕ್ಕದಿಂದ ಹೊರಗೆ ಬೀಳಲಿಲ್ಲ. ಅಝಾನ್ ಕೇಳಿಸುತ್ತದೆಯೇ ಎಂಬ ಪ್ರಶ್ನೆಯನ್ನು ನಾವು ಯಾವಾಗಲೂ ಬರುವವನ ಮೇಲಿನ ಹೊಣೆಯೆಂದು ಓದುತ್ತೇವೆ. ಕರೆದವರ ಮೇಲಿನ ಹೊಣೆಯೆಂದು ಓದಿದರೆ? ಧ್ವನಿವರ್ಧಕ ಎಷ್ಟು ದೂರ ಮುಟ್ಟುತ್ತದೋ ಅಷ್ಟು ದೂರದವರಿಗೂ ದಾರಿ ಮಾಡುವುದು ಕರೆದವರ ಕೆಲಸವಲ್ಲವೇ?

ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್‌ರ ಹೆಸರು ಕೇಳದ ಮುಸ್ಲಿಮರು ಕಡಿಮೆ. ಕುರೈಷಿ ಮುಖಂಡರ ಜೊತೆ ಮಾತಿನಲ್ಲಿದ್ದಾಗ ಈ ಅಂಧ ಸಂಗಾತಿ ನಡುವೆ ಬಂದದ್ದಕ್ಕೆ ಪ್ರವಾದಿಯವರ(ಸ) ಹುಬ್ಬು ಗಂಟಿಕ್ಕಿತು, ಅದನ್ನು ಆಕ್ಷೇಪಿಸಿ 'ಅಬಸ' ಅಧ್ಯಾಯ ಇಳಿಯಿತು. ಈ ಕಥೆಯನ್ನು ನಮ್ಮ ಪ್ರವಚನಗಳಲ್ಲಿ ಕಣ್ತುಂಬಿ ಹೇಳುತ್ತಾರೆ. ಅದರ ಮುಂದಿನ ಭಾಗವನ್ನು ಅಷ್ಟಾಗಿ ಹೇಳುವುದಿಲ್ಲ. ಮದೀನಾದಲ್ಲಿ ಬಿಲಾಲ್‌ರ ಜೊತೆಗೆ ಅವರೂ ಅಝಾನ್ ಕೊಡುವವರಾಗಿದ್ದರು. ಬೆಳಗಿನ ಅಝಾನ್ ಅವರದು. ಬೆಳಕು ಕಾಣದವರಿಗೆ ಬೆಳಗನ್ನು ಸಾರುವ ಕೆಲಸ! ಬೆಳಗಾಯಿತು ಎಂದು ಜನ ಅವರಿಗೆ ಹೇಳುತ್ತಿದ್ದರು, ಅವರು ಊರಿಗೆ ಸಾರುತ್ತಿದ್ದರು. ಕೆಲಸಕ್ಕೆ ತಕ್ಕ ಮನುಷ್ಯನನ್ನು ಹುಡುಕುವ ಬದಲು ಮನುಷ್ಯನಿಗೆ ತಕ್ಕಂತೆ ಕೆಲಸದ ಸುತ್ತ ಒಂದು ಏರ್ಪಾಡು ಮಾಡಿದ್ದರು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಧರ್ಮದ ಪಾಠವಾಗಿ ಅಲ್ಲ, ವಿನ್ಯಾಸದ ಪಾಠವಾಗಿ ಹೇಳುತ್ತೇನೆ.

ಊರುಗೋಲಿನ ಪ್ರಶ್ನೆಗೆ ಇನ್ನೂ ನೇರವಾದ ಸಾಕ್ಷಿಯಿದೆ. ಪ್ರವಾದಿ(ಸ) ಒಂಟೆಯ ಮೇಲೆ ಕೂತು ಕಅಬಾದ ತವಾಫ್ ಮಾಡಿದ್ದರು. ಪತ್ನಿ ಉಮ್ಮು ಸಲಮಾ ಅಸ್ವಸ್ಥರಾಗಿದ್ದಾಗ, ಜನರ ಹಿಂದಿನಿಂದ ಸವಾರಿಯ ಮೇಲೆಯೇ ತವಾಫ್ ಮಾಡಲು ಹೇಳಿದ್ದರು. ಮರಳುಗಾಡಿನಲ್ಲಿ ನಡೆದ ಒಂಟೆಯ ಗೊರಸು ಅಲ್ಲಿಗೆ ಹೋಯಿತು ಎಂದಾದರೆ, ನಮ್ಮೂರ ಬೀದಿಯಲ್ಲಿ ನಡೆದ ಎರಡು ರಬ್ಬರ್ ತುದಿಗಳು ಏನು ಮಹಾ? ಇಂದು ಮಕ್ಕಾದಲ್ಲಿ ಸಫಾ ಮರ್ವಾಗಳ ನಡುವೆ ಗಾಲಿಕುರ್ಚಿಗಳಿಗೆಂದೇ ಬೇರೆ ಪಥವಿದೆ.

ಶುಚಿತ್ವದ ಮಾತನ್ನು ಹಗುರವಾಗಿ ತಳ್ಳಿಹಾಕಬೇಕೆಂದು ನಾನು ಹೇಳುತ್ತಿಲ್ಲ. ಅದು ಮಸೀದಿಗೂ ಬೇಕು, ಗುಡಿಗೂ ಬೇಕು. ಚಪ್ಪಲಿ ಕಳಚಿಡುವ ವಸ್ತು, ಹೊರಗೆ ಬಿಡುತ್ತೇವೆ. ಕಾಲನ್ನು ಕಳಚಲಾಗುವುದಿಲ್ಲ, ಅದಕ್ಕೇ ತೊಳೆಯುತ್ತೇವೆ. ವುಝೂ ಮಾಡುವಾಗ ಕಾಲು ಬೀದಿಯಲ್ಲಿ ನಡೆದು ಬಂದದ್ದು ಎಂದು ಯಾರೂ ಅದನ್ನು ಹೊರಗಿಡುವುದಿಲ್ಲ. ಹಾಗಾದರೆ ಊರುಗೋಲು ಯಾವುದು? ಚಪ್ಪಲಿಯಾದರೆ ಹೊರಗಿರಲಿ. ಕಾಲಾದರೆ ತೊಳೆದು ಒಳಗೆ ಬರಲಿ. ಅಬ್ಬಾನಿಗೆ ಅದು ಏನಾಗಿತ್ತು ಎಂಬುದನ್ನು ಅಬ್ಬಾನನ್ನು ಬಿಟ್ಟು ಬೇರೆಯವರೆಲ್ಲ ತೀರ್ಮಾನಿಸಿದ್ದರು. ಒಳಗೇ ಒಂದು ಜೊತೆ ಊರುಗೋಲು ಇಟ್ಟರಾಯಿತಲ್ಲ ಎಂದು ಆಮೇಲೆ ಒಬ್ಬರು ಸೂಚಿಸಿದರು. ಒಳ್ಳೆಯ ಮನಸ್ಸಿನ ಮಾತು. ಆದರೆ ದಾದಾನ ಲಾಳದಂತೆ ಊರುಗೋಲೂ ಅವರವರ ಅಳತೆಯದು. ಇನ್ನೊಬ್ಬರದು ಹಿಡಿದರೆ ಕಂಕುಳು ಹುಣ್ಣಾಗುತ್ತದೆ. ಇತ್ತೀಚೆಗೆ ಮಂಡಿನೋವಿನವರು ಹೆಚ್ಚಾಗಿ ನಮ್ಮ ಮಸೀದಿಗಳಲ್ಲಿ ಸಾಲುಸಾಲು ಕುರ್ಚಿ ಬಂದಿವೆ. ಅವು ಬಂದದ್ದು ವಾದದಿಂದಲ್ಲ, ಕಮಿಟಿಯವರಿಗೂ ಮಂಡಿ ನೋಯತೊಡಗಿದ್ದರಿಂದ.

ಮೇಸ್‌ನ ಏಳು ತತ್ವಗಳಲ್ಲಿ ಇದಕ್ಕೆ ಉತ್ತರವಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವ ಜನ ಆ ಪಟ್ಟಿ ಮಾಡಿದವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. 2011ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಭಾರತಕ್ಕೆಂದು ಐದು ತತ್ವಗಳನ್ನು ಮುಂದಿಟ್ಟಿತು. ಸಮಾನ, ಸಹಜ, ಸಾಂಸ್ಕೃತಿಕ, ಅಗ್ಗ, ಸುಂದರ. ಅದರಲ್ಲಿರುವ 'ಸಾಂಸ್ಕೃತಿಕ' ಎನ್ನುವುದನ್ನು ಮಕ್ಕಳು ಸಾಮಾನ್ಯವಾಗಿ ಕಮಾನು, ಜಾಲಂಧ್ರ, ರಂಗೋಲಿ ಎಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದರ ನಿಜವಾದ ಅರ್ಥ ಚಪ್ಪಲಿ ಬಿಡುವ ಜಾಗದಲ್ಲಿದೆ. ಒಂದೇ ಕಾಲಿನ ಮೇಲೆ ನಿಂತು ಚಪ್ಪಲಿ ಕಳಚುವುದು ಎಷ್ಟು ಕಷ್ಟ ಎಂದು ಎಪ್ಪತ್ತು ದಾಟಿದ ಯಾರನ್ನಾದರೂ ಕೇಳಿ. ಅಲ್ಲೊಂದು ಕಟ್ಟೆ ಇದ್ದರೆ, ಹಿಡಿಯಲು ಒಂದು ಕಂಬ ಇದ್ದರೆ!

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡ ಎನ್ನುವಾಗ ಧಾರ್ಮಿಕ ಬಳಕೆಯ ಕಟ್ಟಡಗಳನ್ನೂ ಸೇರಿಸಿಕೊಂಡಿದೆ. ಗುಡಿ, ಮಸೀದಿ, ಚರ್ಚು ಯಾವುದೂ ಹೊರಗಿಲ್ಲ. ವಾಸ್ತುಶಿಲ್ಪಿಗಳ ಶಿಕ್ಷಣದಲ್ಲಿ ಈ ವಿಷಯ ಇರಬೇಕೆಂದೂ ಅದು ಹೇಳುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷದ ಗಡುವು 2022ರಲ್ಲೇ ಮುಗಿದಿದೆ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದ ತೀರ್ಪು ಕೊಡುತ್ತ ಸುಪ್ರೀಂ ಕೋರ್ಟ್, ಬರಿಯ ಸಲಹೆಯ ರೂಪದ ಮಾರ್ಗಸೂಚಿ ಸಾಲದು, ಕಡ್ಡಾಯ ನಿಯಮ ಮಾಡಿ ಎಂದಿತು. ಆದರೂ ಕಾನೂನಿನ ಭಯದಿಂದ ಕಟ್ಟಿದ ಇಳಿಜಾರುಗಳನ್ನು ನಾನು ನೋಡಿದ್ದೇನೆ. ಒಂದು ಅಡಿ ಏರಲು ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕಾದಲ್ಲಿ ನಾಲ್ಕೇ ಅಡಿಯ ಜಾರುಬಂಡೆ. ಅಧಿಕಾರಿ ಬಂದು ಫೋಟೋ ತೆಗೆದರೆ ಸರಿಯಾಗಿಯೇ ಕಾಣುತ್ತದೆ.

2001ರ ಜನವರಿಯಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಿದ್ದರು. ಸ್ಮಾರಕಗಳಲ್ಲಿ ಗಾಲಿಕುರ್ಚಿಗೆ ದಾರಿಯಿಲ್ಲದ ಬಗ್ಗೆ ಜಾವೆದ್ ಅಬಿದಿ ದನಿಯೆತ್ತಿದಾಗ, ಕುತುಬ್ ಮಿನಾರ್, ಜಂತರ್ ಮಂತರ್ ಮುಂತಾದ ಕಡೆ ತಾತ್ಕಾಲಿಕವಾಗಿ ಮರದ ಇಳಿಜಾರು ಹಾಕಿದರು. ಅಬಿದಿ ಸ್ವತಃ ಗಾಲಿಕುರ್ಚಿಯಲ್ಲಿದ್ದವರು, 1995ರ ಅಂಗವಿಕಲರ ಕಾಯ್ದೆಗಾಗಿ ಹೋರಾಡಿದವರಲ್ಲಿ ಮುಂದಾಳು, 2018ರಲ್ಲಿ ತೀರಿಕೊಂಡರು. ಜಗತ್ಪ್ರಸಿದ್ಧ ಅತಿಥಿಗೆ ಒಂದೇ ದಿನದಲ್ಲಿ ಆದದ್ದು ಈ ದೇಶದ ಪ್ರಜೆಗೆ ಅಷ್ಟು ವರ್ಷ ಏಕೆ ಆಗಲಿಲ್ಲ? ನಮ್ಮ ಸಮುದಾಯದ ಎಷ್ಟು ಮನೆಗಳಲ್ಲಿ ಅಬಿದಿಯ ಹೆಸರು ಗೊತ್ತಿದೆ ಎಂಬುದೂ ಕೇಳಿಕೊಳ್ಳಬೇಕಾದ ಪ್ರಶ್ನೆಯೇ.

ಇಷ್ಟು ಹೇಳಿದ ಮೇಲೆ ಒಂದು ಅನುಮಾನವನ್ನು ಮುಚ್ಚಿಡಬಾರದು. ಎಲ್ಲರಿಗೂ ಹೊಂದುವ ಒಂದೇ ವಿನ್ಯಾಸ ಸಾಧ್ಯವೇ? ಸಾಧ್ಯವಿಲ್ಲ. ಗಾಲಿಕುರ್ಚಿಗೆಂದು ಪಾದಚಾರಿ ದಾರಿಯ ಅಂಚನ್ನು ರಸ್ತೆಯ ಮಟ್ಟಕ್ಕೆ ಇಳಿಸಿದರೆ, ಕೋಲು ಬಡಿಯುತ್ತ ಬರುವ ಅಂಧನಿಗೆ ರಸ್ತೆ ಎಲ್ಲಿ ಶುರುವಾಯಿತೆಂದು ತಿಳಿಯುವುದಿಲ್ಲ. ಕಾಲಿಗೆ ತಾಗುವ ಉಬ್ಬು ಚುಕ್ಕಿಗಳ ಹಾಸು ಇಂಥಲ್ಲಿ ನೆರವಿಗೆ ಬರುತ್ತದೆ. ಅದನ್ನು 1965ರಲ್ಲಿ ಜಪಾನಿನ ಸೇಯಿಚಿ ಮಿಯಾಕೆ ರೂಪಿಸಿದರು, 1967ರಲ್ಲಿ ಒಕಾಯಾಮಾದ ಅಂಧರ ಶಾಲೆಯ ಬಳಿ ಮೊದಲು ಹಾಸಿದರು. ಉದ್ದಗೆರೆ ಎಂದರೆ ನಡೆ, ಚುಕ್ಕಿ ಎಂದರೆ ನಿಲ್ಲು. 2011ರಲ್ಲಿ ಆರಂಭವಾದ ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಆ ಹಳದಿ ಪಟ್ಟಿಯನ್ನು ಎಲ್ಲರೂ ನೋಡಿರುತ್ತಾರೆ, ಏಕೆಂದು ತಿಳಿದವರು ಕಡಿಮೆ. ಆದರೆ ಅದೇ ಉಬ್ಬು ಗಾಲಿಕುರ್ಚಿಯಲ್ಲಿ ಕೂತವರ ಬೆನ್ನನ್ನು ಕುಲುಕಿಸುತ್ತದೆ. ಒಬ್ಬರಿಗೆ ಮಾಡಿದ್ದು ಇನ್ನೊಬ್ಬರಿಗೆ ತೊಡಕು, ಆ ತೊಡಕಿಗೆ ಇನ್ನೊಂದು ಉಪಾಯ. ಇದು ಮುಗಿಯುವ ಲೆಕ್ಕವಲ್ಲ. ಜಗತ್ತಿನ ಎಲ್ಲ ಮೈಗಳನ್ನೂ ಬಲ್ಲವನು ಸೃಷ್ಟಿಕರ್ತನೊಬ್ಬನೇ. ನಕ್ಷೆ ಬರೆಯುವವನು ಯಾರನ್ನೋ ಮರೆತೇ ಮರೆಯುತ್ತಾನೆ. ಮರೆತದ್ದು ತಿಳಿದಾಗ, ಅವರು ಬರುವುದೇ ಇಲ್ಲವಲ್ಲ ಎನ್ನದಿದ್ದರೆ ಸಾಕು. ಅಬ್ಬಾ ಮೂರನೆಯ ಶುಕ್ರವಾರದಿಂದ ಬರಲಿಲ್ಲ. ಊರುಗೋಲಿನವರು ಯಾರೂ ನಮ್ಮ ಮಸೀದಿಗೆ ಬರುವುದಿಲ್ಲ ಎಂದು ಆಮೇಲೆ ಯಾರಾದರೂ ಹೇಳಿದ್ದರೆ ಅದು ಸುಳ್ಳೇನೂ ಆಗುತ್ತಿರಲಿಲ್ಲ.

ಘಾಟಿಯಲ್ಲಿ ಆ ಹುಡುಗ ಅಂದು ಹೇಗೆ ಒಳಗೆ ಹೋದನೆಂದರೆ, ನಲ್ಲಿಯ ಹತ್ತಿರ ಕುಂಟುತ್ತ ಹೋಗಿ, ಊರುಗೋಲಿನ ತುದಿಗಳನ್ನು ತೊಳೆದು, ತನ್ನ ಕರವಸ್ತ್ರದಿಂದ ಒರೆಸಿ, ಯಾರ ಮುಖವನ್ನೂ ನೋಡದೆ ನಡೆದ. ಹೊರಗೆ ಬಂದವನು ಕನ್ನಡಿಯ ವಿಷಯ ಬಿಟ್ಟು ಬೇರೇನೂ ಹೇಳಲಿಲ್ಲ. ನಾಗರಕಲ್ಲುಗಳ ಹತ್ತಿರ ಬಹಳ ಹೊತ್ತು ಕೂತಿದ್ದ. ಅಲ್ಲಿ ಹರಕೆಯವರು ಪ್ರತಿಷ್ಠೆ ಮಾಡಿದ ಕಲ್ಲುಗಳು ಬಯಲಿನಲ್ಲೇ ಒತ್ತೊತ್ತಾಗಿ ನಿಂತಿವೆ.

ಸೆಮಿಸ್ಟರ್ ಕೊನೆಯಲ್ಲಿ ಎಲ್ಲರೂ ದೊಡ್ಡ ದೊಡ್ಡ ನಕ್ಷೆ ತಂದರು. ಯಾತ್ರಿನಿವಾಸ, ಪ್ರದಕ್ಷಿಣೆಯ ಪಥ, ಜಾತ್ರೆಯ ಮೈದಾನ, ಎಲ್ಲದರಲ್ಲೂ ಅಳತೆಗೆ ಸರಿಯಾದ ಇಳಿಜಾರು. ಇವನು ತಂದದ್ದು ಒಂದೇ ಹಾಳೆ, ಯಾವ ಊರಿನ ಯಾವ ಗುಡಿಗೂ ಮಸೀದಿಗೂ ಆಗುವಂಥದ್ದು. ಚಪ್ಪಲಿ ಬಿಡುವಲ್ಲಿ ಕೂರಲು ಮಂಡಿ ಎತ್ತರದ ಕಲ್ಲಿನ ಕಟ್ಟೆ, ಕೈಗೆ ಸಿಗುವಂತೆ ಕಂಬ, ಬೇರೆ ಬೇರೆ ಎತ್ತರದಲ್ಲಿ ಎರಡು ನಲ್ಲಿ, ನೀರು ಹರಿದುಹೋಗುವ ಒರಟು ನೆಲ, ಗೋಡೆಯಲ್ಲಿ ಒರೆಸುವ ಬಟ್ಟೆಗೆ ಒಂದು ಮೊಳೆ. ಕಟ್ಟೆಯ ಮೇಲೆ ಕೂತಿದ್ದ ಮನುಷ್ಯಾಕೃತಿಗೆ ಒಂದೇ ಕಾಲು. ನಲ್ಲಿಯ ಪಕ್ಕ ಅವನು ಬರೆದಿದ್ದ: ಕಾಲು ತೊಳೆಯುವ ಜಾಗ.

ಊರುಗೋಲು, ಗಾಲಿ ತೊಳೆಯಲು ಜಾಗ ಎಲ್ಲಿ ತೋರಿಸಿದ್ದೀಯ ಎಂದು ಕೇಳಿದೆ.

"ಅದೇ ಸಾರ್ ಅದು" ಎಂದ.